ಗಾನಸೇವಕನಾದ ಯೋಹಾನ್ ಸೆಬಾಸ್ಟಿಯನ್ ಬಾಖನ ಚರಿತ್ರೆ

ದೇವರ ಸೇವೆ ಎಂದ ಕೂಡಲೇ ನಮ್ಮಲ್ಲಿ ಬಹು ಜನರು ಪೀಠದಲ್ಲಿ ನಿಂತು ಪ್ರಸಂಗಿಸುವ ಬೋಧಕರನ್ನೂ ಊರೂರಿಗೆ ಸುವಾರ್ತೆಯನ್ನು ಒಯ್ಯುವ ಉಪದೇಶಿಗಳನ್ನೂ ಮಾತ್ರವೇ ಮನಸ್ಸಿಗೆ ತಂದುಕೊಳ್ಳುವದುಂಟು. ಶನಿವಾರ ಸಾಯಂಕಾಲ ಮಕ್ಕಳನ್ನು ಕೂಡಿಸಿ ಗೀತಗಳನ್ನು ಕಲಿಸುವವನನ್ನೂ, ಆರಾಧನೆಯಲ್ಲಿ ಮೊದಲ ಸ್ವರವನ್ನು ಎತ್ತಿಕೊಡುವವನನ್ನೂ ಯಾರೂ ಅಷ್ಟಾಗಿ ಎಣಿಸುವದಿಲ್ಲ. ಅವನು ಚೆನ್ನಾಗಿ ಮಾಡಿದರೆ ಒಬ್ಬರೂ ಮಾತಾಡರು. ತಪ್ಪಿದರೆ ಎಲ್ಲರೂ ತಿರುಗಿ ನೋಡುವರು. ತನ್ನ ಆಯುಷ್ಯವನ್ನೆಲ್ಲಾ ಇಂಥ ಕೆಲಸದಲ್ಲಿಯೇ ಸವೆಸಿ, ಮೇಲಧಿಕಾರಿಗಳಿಂದ ಹೊಗಳಿಕೆಗಿಂತ ಗದರಿಕೆಯನ್ನೇ ಹೆಚ್ಚಾಗಿ ಪಡೆದ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಜರ್ಮನಿ ದೇಶದ ನಡುವಣ ತುರಿಂಗಿಯ ಸೀಮೆಯಲ್ಲಿ ಐಸೆನಾಖ್ ಎಂಬ ಪಟ್ಟಣವುಂಟು. ಅದರ ಮೇಲಣ ಗುಡ್ಡದಲ್ಲಿರುವ ವಾರ್ಟ್‌ಬುರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರನು 1521ನೇ ಇಸವಿಯಲ್ಲಿ ಅಡಗಿಕೊಂಡು, ಹೊಸ ಒಡಂಬಡಿಕೆಯನ್ನು ತನ್ನ ಜನರ ಭಾಷೆಗೆ ತಿರುಗಿಸತೊಡಗಿದನು. ಅದೇ ಪಟ್ಟಣದಲ್ಲಿ 1685ನೇ ಇಸವಿ ಮಾರ್ಚ್ 21ನೇ ತಾರೀಖಿನಲ್ಲಿ ನಮ್ಮ ಚರಿತ್ರೆಯ ಬಾಖನು ಹುಟ್ಟಿದನು. ಅವನ ತಂದೆಯಾದ ಆಂಬ್ರೋಸಿಯುಸನು ಪಟ್ಟಣದ ವಾದ್ಯಗಾರನು. ನಮ್ಮಲ್ಲಿ ಕಮ್ಮಾರನ ಮಗನು ಕಮ್ಮಾರನಾಗುವಂತೆ ಆ ಮನೆತನದ ಗಂಡುಮಕ್ಕಳು ತಲೆತಲಾಂತರದಿಂದ ವಾದ್ಯಗಾರರೇ ಆಗುತ್ತಾ ಬಂದಿದ್ದರು. ಲೂಥರನು ಬಾಲ್ಯದಲ್ಲಿ ಓದಿದ ಶಾಲೆಯಲ್ಲಿಯೇ ಈ ಹುಡುಗನೂ ಓದಿದನು.

ಸುಖದ ದಿನಗಳು ಬಹು ಬೇಗನೆ ತೀರಿದವು. 1694ರಲ್ಲಿ ತಾಯಿಯೂ, ಮರುವರುಷ ತಂದೆಯೂ ತೀರಿಹೋಗಲಾಗಿ, ಹತ್ತು ವರುಷದ ಹುಡುಗನು ಅನಾಥನಾದನು. ಓರ್ಡ್ರುಫ್ ಎಂಬ ಊರಿನ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದ ಹಿರಿಯಣ್ಣನು ಅವನನ್ನು ತನ್ನ ಮನೆಗೆ ಕರೆದುಕೊಂಡನು. ನಮ್ಮ ಕೆಲವು ಸಭೆಗಳಲ್ಲಿರುವ ಹಾರ್ಮೋನಿಯಮಿನಂತೆ ಆರ್ಗನಿಗೂ ಗಾಳಿಯೇ ಉಸಿರು; ಆದರೆ ಅದು ಗೋಡೆಯೆತ್ತರಕ್ಕೆ ನಿಂತಿರುವ ನೂರಾರು ಕೊಳವೆಗಳ ವಾದ್ಯ. ಆ ಕಾಲದಲ್ಲಿ ಆಳುಗಳು ಹಿಂದೆ ನಿಂತು ತಿದಿಗಳನ್ನು ಒತ್ತುತ್ತಿರಲು, ನುಡಿಸುವವನು ಕೈಗಳಿಂದಲೂ ಕಾಲುಗಳಿಂದಲೂ ನುಡಿಸುತ್ತಿದ್ದನು. ಅಣ್ಣನ ಬಳಿಯಲ್ಲಿ ದೊಡ್ಡ ವಿದ್ವಾಂಸರ ಕೃತಿಗಳನ್ನು ಬರೆದ ಒಂದು ಪುಸ್ತಕವಿತ್ತು. ಚಿಕ್ಕವನು ಅದನ್ನು ಬೇಡಿದರೂ ಅಣ್ಣನು ಕೊಡಲಿಲ್ಲ. ಹುಡುಗನು ರಾತ್ರಿಯಲ್ಲಿ ಕಪಾಟಿನ ಜಾಲರಿಯೊಳಗಿಂದ ಅದನ್ನು ಸುರುಳಿಸುತ್ತಿ ಹೊರಗೆ ತೆಗೆದು, ದೀಪವಿಲ್ಲದ ಕಾರಣ ಬೆಳದಿಂಗಳಲ್ಲಿ ಕೂತು ಆರು ತಿಂಗಳಲ್ಲಿ ಪೂರ್ತಿಯಾಗಿ ನಕಲು ಮಾಡಿದನೆಂದೂ, ಅಣ್ಣನು ಕಂಡು ಆ ನಕಲನ್ನೂ ಕಿತ್ತುಕೊಂಡನೆಂದೂ ಬಾಖನು ಸತ್ತ ಕೆಲವು ವರುಷಗಳ ಮೇಲೆ ಅಚ್ಚಾದ ಚರಿತ್ರೆಯಲ್ಲಿ ಹೇಳಿದೆ.

ಅಣ್ಣನ ಮನೆಯಲ್ಲಿ ಮಕ್ಕಳು ಹೆಚ್ಚಿದಾಗ, 1700ನೇ ಇಸವಿಯಲ್ಲಿ, ಹದಿನೈದು ವರುಷದ ಬಾಖನು ಎರ್ಡ್ಮನ್ ಎಂಬ ಗೆಳೆಯನ ಜೊತೆಯಲ್ಲಿ ಸುಮಾರು 200 ಮೈಲು ಬಡಗಲಲ್ಲಿರುವ ಲ್ಯೂನೆಬುರ್ಗ್ ಪಟ್ಟಣಕ್ಕೆ ಹೋದನು. ಅಲ್ಲಿ ದೇವಾಲಯದಲ್ಲಿ ಹಾಡುವ ಬಡ ಹುಡುಗರಿಗೆ ಅನ್ನವೂ ವಿದ್ಯೆಯೂ ಧರ್ಮಾರ್ಥವಾಗಿ ದೊರೆಯುತ್ತಿತ್ತು. ಹೀಗೆ ಸಭೆಯ ಧರ್ಮದಿಂದಲೇ ಅವನು ಓದಿ ಮುಂದೆ ಬಂದನು.

ಹದಿನೆಂಟನೆಯ ವರುಷದಲ್ಲಿ ಆರ್ನ್‌ಸ್ಟಾಟ್ ಎಂಬ ಊರಿನಲ್ಲಿ ಅವನಿಗೆ ಆರ್ಗನ್ ನುಡಿಸುವ ಉದ್ಯೋಗ ಸಿಕ್ಕಿತು. ಇಲ್ಲಿ ಅವನ ದೋಷಗಳನ್ನು ಮರೆಮಾಡುವದು ಸರಿಯಲ್ಲ. ಅವನು ಮುಂಗೋಪಿ. ಒಬ್ಬ ವಿದ್ಯಾರ್ಥಿಯ ವಾದನವನ್ನು ಹೀನಾಯವಾಗಿ ಜರೆದು, ಅದರ ನಿಮಿತ್ತ ರಾತ್ರಿಯಲ್ಲಿ ಬೀದಿಯಲ್ಲೇ ಅವನ ಸಂಗಡ ಹೊಡೆದಾಡಿದನು. 1705ರಲ್ಲಿ ಬುಕ್ಸ್‌ಟೆಹೂಡ್ ಎಂಬ ವೃದ್ಧ ವಿದ್ವಾಂಸನ ವಾದನವನ್ನು ಕೇಳುವದಕ್ಕಾಗಿ ನಾಲ್ಕು ವಾರಗಳ ರಜೆ ಪಡೆದು, ಸುಮಾರು 250 ಮೈಲು ಕಾಲ್ನಡೆಯಾಗಿ ಲ್ಯೂಬೆಕ್ ಪಟ್ಟಣಕ್ಕೆ ಹೋದವನು ನಾಲ್ಕು ತಿಂಗಳ ಬಳಿಕ ತಿರುಗಿ ಬಂದನು. ಸಭೆಯ ಹಿರಿಯರು ವಿಚಾರಿಸಲು, ತನ್ನ ಕಸಬನ್ನು ಕಲಿಯಲಿಕ್ಕೆ ಹೋಗಿದ್ದೆನೆಂದು ಉತ್ತರ ಕೊಟ್ಟನು. ಕಲಿಯುವ ಹಸಿವು ಮೆಚ್ಚತಕ್ಕದ್ದೇ. ಕೊಟ್ಟ ಮಾತಿಗೆ ತಪ್ಪಿದ್ದು ಮೆಚ್ಚತಕ್ಕದ್ದಲ್ಲ.

1707ರಲ್ಲಿ ತನ್ನ ವಂಶದವಳೇ ಆದ ಮರಿಯ ಬಾರ್ಬರಳನ್ನು ಮದುವೆಯಾಗಿ, ಮರುವರುಷ ವೈಮಾರಿನ ದೊರೆಯ ಸೇವೆಗೆ ಸೇರಿದನು. ಒಂಭತ್ತು ವರುಷಗಳಾದ ಮೇಲೆ ಬೇರೆ ಅರಸನು ಕರೆಯಲಾಗಿ ಬಿಡುಗಡೆಯನ್ನು ಹಟಹಿಡಿದು ಕೇಳಿದ್ದರಿಂದ, ದೊರೆಯು ಸಿಟ್ಟಾಗಿ ಅವನನ್ನು ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟು, 1717ರ ದಶಂಬರದಲ್ಲಿ ಕಳುಹಿಸಿಬಿಟ್ಟನು. ಕ್ಯೋತೆನಿನ ಅರಸನಾದ ಲೆಯೋಪೋಲ್ಡನು ಅವನನ್ನು ಪ್ರೀತಿಯಿಂದ ನಡಿಸಿದನು. ಆದರೆ 1720ರಲ್ಲಿ ಅರಸನ ಜೊತೆಯಲ್ಲಿ ದೂರದ ಊರಿಗೆ ಹೋಗಿ ತಿರುಗಿ ಬಂದಾಗ, ಆರೋಗ್ಯದಿಂದ ಬಿಟ್ಟುಹೋಗಿದ್ದ ಹೆಂಡತಿಯು ಸತ್ತು ಸಮಾಧಿಯಾಗಿದ್ದಳು. ತಾಯಿಯಿಲ್ಲದ ನಾಲ್ಕು ಮಕ್ಕಳು ಮನೆಯಲ್ಲಿದ್ದರು. ಮರುವರುಷ ಆನ್ನ ಮಗ್ದಲೇನ ಎಂಬ ಗಾಯಕಿಯನ್ನು ಮದುವೆಯಾದನು. ಇಬ್ಬರು ಹೆಂಡಂದಿರಲ್ಲಿ ಅವನಿಗೆ ಹುಟ್ಟಿದ ಮಕ್ಕಳು 20. ಬೆಳೆದು ದೊಡ್ಡವರಾದವರು 10 ಮಂದಿ ಮಾತ್ರ. ಅಷ್ಟು ಸಾರಿ ಆ ತಂದೆಯು ಚಿಕ್ಕ ಪೆಟ್ಟಿಗೆಯ ಹಿಂದೆ ಸ್ಮಶಾನಕ್ಕೆ ನಡೆದನೆಂಬದನ್ನು, ಮಕ್ಕಳನ್ನು ಕಳಕೊಂಡ ನಮ್ಮ ವಾಚಕರು ತಿಳಿಯುವರು.

1723ರಲ್ಲಿ ಲೀಪ್ಸಿಗ್ ಪಟ್ಟಣದ ಸಂತ ತೋಮನ ದೇವಾಲಯಕ್ಕೂ ಶಾಲೆಗೂ ಗಾನೋಪಾಧ್ಯಾಯನು ಬೇಕಾಗಿದ್ದನು. ಪುರಸಭೆಯವರು ಮೊದಲು ಟೆಲೆಮನ್ ಎಂಬವನನ್ನು ಕರೆದರು, ಅವನು ಬರಲಿಲ್ಲ. ತರುವಾಯ ಗ್ರೌಪ್ನರ್ ಎಂಬವನನ್ನು ಕೇಳಿದರು. ಅವನ ದೊರೆಯು ಬಿಡಲಿಲ್ಲ. ಕಡೆಗೆ ಬಾಖನನ್ನು ನೇಮಿಸಿದರು. ಉತ್ತಮರು ದೊರೆಯದೆ ಹೋದದರಿಂದ ನಡುತರದವರನ್ನು ತೆಗೆದುಕೊಳ್ಳಬೇಕಾಯಿತೆಂಬ ಮಾತು ಆ ಪುರಸಭೆಯ ಬರಹಗಳಲ್ಲಿ ಉಳಿದಿದೆ. ಹೀಗೆ ಮೂರನೆಯವನಾಗಿ ಬಂದವನು ಅಲ್ಲಿ 27 ವರುಷ, ಸಾಯುವ ತನಕ, ಸೇವೆ ಮಾಡಿದನು.

ಆ ಸೇವೆ ಎಂಥದು? ಭಾನುವಾರದ ಆರಾಧನೆ ಬೆಳಿಗ್ಗೆ ಏಳು ಗಂಟೆಗೆ ಆರಂಭವಾಗಿ ಮೂರು ನಾಲ್ಕು ತಾಸು ನಡೆಯುತ್ತಿತ್ತು. ಆ ದಿನದ ಸುವಾರ್ತಾಪಾಠಕ್ಕೆ ಸರಿಯಾದ ಗೀತಪ್ರಬಂಧವನ್ನು ಪ್ರಸಂಗಕ್ಕೆ ಮುಂಚೆ ಹಾಡಿಸಬೇಕು. ಅದಕ್ಕೆ ಕಂಟಾಟ ಎಂದು ಹೆಸರು. ಮೊದಲಣ ವರುಷಗಳಲ್ಲಿ ಬಾಖನು ಹೆಚ್ಚುಕಡಿಮೆ ವಾರಕ್ಕೊಂದರಂತೆ ಹೊಸದನ್ನು ರಚಿಸಿದನು. ವಾರದ ಮೊದಲಲ್ಲಿ ಬರೆಯುವದು; ಹೆಂಡತಿಯೂ ಗಂಡುಮಕ್ಕಳೂ ಶಿಷ್ಯರೂ ಕೂತು ಹಾಡುವವರಿಗೂ ನುಡಿಸುವವರಿಗೂ ಬೇರೆ ಬೇರೆ ಹಾಳೆಗಳಲ್ಲಿ ನಕಲು ಮಾಡುವದು; ಹುಡುಗರಿಗೆ ಕಲಿಸುವದು; ಭಾನುವಾರ ಹಾಡಿಸುವದು; ಸೋಮವಾರ ಮತ್ತೊಂದಕ್ಕೆ ಕೈ ಹಾಕುವದು. ಆನ್ನ ಮಗ್ದಲೇನಳು ಎಷ್ಟೋ ಹಾಳೆಗಳನ್ನು ನಕಲು ಮಾಡಿದ್ದರಿಂದ, ಅವಳ ಅಕ್ಷರವೂ ಗಂಡನ ಅಕ್ಷರವೂ ಒಂದೇ ಎಂಬಷ್ಟು ಹೋಲುತ್ತವೆ. ಹೀಗೆ ರಚಿಸಿದ ಕಂಟಾಟಗಳಲ್ಲಿ ಸುಮಾರು 200 ಈಗ ಉಳಿದಿವೆ, ಎಷ್ಟೋ ನಷ್ಟವಾದವು.

ಈ ರಚನೆಗಳಲ್ಲಿ ನಾವು ವಿಶೇಷವಾಗಿ ಗಮನಿಸತಕ್ಕದ್ದೊಂದುಂಟು. ಲೂಥರನು ಗೀತವನ್ನು ಪಾದ್ರಿಗಳ ಬಾಯಿಂದ ತೆಗೆದು ನೇಯಿಗೆಯವರ, ಒಕ್ಕಲಿಗರ, ಹೆಂಗಸರ ಬಾಯಿಗೆ ಅವರ ಸ್ವಂತ ಭಾಷೆಯಲ್ಲಿ ಕೊಟ್ಟಿದ್ದನು. ಬಾಖನು ಎಷ್ಟು ದೊಡ್ಡ ವಿದ್ವಾಂಸನಾದಾಗ್ಯೂ ಈ ಸಾಧಾರಣ ರಾಗಗಳನ್ನು ಕೀಳೆಂದು ತಿಳಿಯಲಿಲ್ಲ. ಅವುಗಳನ್ನೇ ನಾಲ್ಕು ಧ್ವನಿಗಳಿಗೆ ಹೊಂದಿಸಿ, ತನ್ನ ದೊಡ್ಡ ರಚನೆಗಳಲ್ಲಿ ನಡುನಡುವೆಯೂ ಕಡೆಯಲ್ಲಿಯೂ ಇಟ್ಟನು.

1727ರ ಶುಭ ಶುಕ್ರವಾರದಲ್ಲಿ ಅವನು ಮತ್ತಾಯನ ಸುವಾರ್ತೆಯಲ್ಲಿರುವ ಕರ್ತನ ಶ್ರಮೆಯ ವೃತ್ತಾಂತವನ್ನು ಹಾಡಿಸಿದನು. ಒಬ್ಬನು ಸುವಾರ್ತಿಕನ ಮಾತುಗಳನ್ನು ಹಾಡುತ್ತಾನೆ. ಮತ್ತೊಬ್ಬನು ಕರ್ತನ ಮಾತುಗಳನ್ನು. ಕರ್ತನು ಮಾತಾಡುವಾಗೆಲ್ಲಾ ತಂತಿವಾದ್ಯಗಳು ಪ್ರಭೆಯಂತೆ ಆ ಮಾತುಗಳನ್ನು ಸುತ್ತಿಕೊಂಡಿರುತ್ತವೆ. ಶಿಲುಬೆಯ ಮೇಲೆ ತಂದೆಯು ತನ್ನನ್ನು ಕೈಬಿಟ್ಟದ್ದೇಕೆಂದು ಕೂಗುವಲ್ಲಿ ಮಾತ್ರ ಅವು ನಿಂತುಹೋಗುತ್ತವೆ. ಆ ಕೂಗು ಒಂಟಿಯಾಗಿ ಕೇಳಿಸುತ್ತದೆ. ಇನ್ನೊಂದು ಸ್ಥಳವನ್ನು ನೋಡಿರಿ. ಹಿಡುಕೊಡುವವನು ತಾನೋ ಎಂದು ಶಿಷ್ಯರು ಒಬ್ಬೊಬ್ಬರಾಗಿ ಕೇಳುತ್ತಾರೆ. ಕರ್ತನು ಉತ್ತರ ಕೊಡುವದಕ್ಕೆ ಮುಂಚೆಯೇ, ಸಭೆಯವರೆಲ್ಲರೂ ಬಲ್ಲ ರಾಗದಲ್ಲಿ ಒಂದು ಗೀತ ಏಳುತ್ತದೆ. ಅದರಲ್ಲಿ ಹಾಡುವವನು ಆ ಅಪರಾಧವನ್ನು ತನ್ನ ಮೇಲೆಯೇ ಹೊತ್ತುಕೊಳ್ಳುತ್ತಾನೆ. ಯೂದನನ್ನು ಬೆರಳೆತ್ತಿ ತೋರಿಸುವದಕ್ಕೆ ಬಂದ ಕೇಳುವವನು ತನ್ನ ಎದೆಯನ್ನೇ ಮುಟ್ಟಿಕೊಳ್ಳಬೇಕಾಗುತ್ತದೆ. ಗೀತದ ಮೂಲಕ ಪ್ರಸಂಗ ಮಾಡುವದೆಂದರೆ ಇದೇ ಅಲ್ಲವೇ?

ಹೀಗೆ ಮಾಡಿದವನನ್ನು ಪುರಸಭೆಯವರು ಏನೆಂದು ಎಣಿಸಿದರು? 1730ರಲ್ಲಿ ಅವನು ಪಾಠಗಳನ್ನು ಅಲಕ್ಷ್ಯ ಮಾಡುತ್ತಾನೆ, ಹೇಳಿದ ಮಾತು ಕೇಳುವದಿಲ್ಲ ಎಂದು ದೂರಿ, ಅವನ ವರಮಾನವನ್ನು ಕಡಿಮೆ ಮಾಡಲಿಕ್ಕೆ ಆಲೋಚಿಸಿದರು. ಬಾಖನು ತನ್ನ ಕಷ್ಟವನ್ನು ಲೆಕ್ಕ ಸಹಿತವಾಗಿ ಬರೆದುಕೊಟ್ಟನು. ನಾಲ್ಕು ದೇವಾಲಯಗಳಲ್ಲಿ ಹಾಡಬೇಕಾದ 54 ಹುಡುಗರಲ್ಲಿ ಹಾಡಬಲ್ಲವರು 17 ಮಂದಿ, ಇನ್ನೂ ಕಲಿಯಬೇಕಾದವರು 20 ಮಂದಿ, ಏನು ಮಾಡಿದರೂ ಬಾರದವರು 17 ಮಂದಿ ಎಂಬದೇ ಆ ಲೆಕ್ಕ. ಹಳ್ಳಿಯ ಶಾಲೆಯಲ್ಲಿ ಗೀತ ಕಲಿಸಿದವರು ಇದನ್ನು ಓದಿ ಸ್ವಲ್ಪ ನಗುವರು, ಸ್ವಲ್ಪ ನಿಟ್ಟುಸಿರಿಡುವರು. ಅವನೂ ಬೇಸತ್ತನು. ಬಾಲ್ಯದಲ್ಲಿ ಜೊತೆಗೆ ಹೋದ ಎರ್ಡ್ಮನಿಗೆ ಕಾಗದ ಬರೆದು, ಬೇರೆ ಕೆಲಸ ಸಿಕ್ಕೀತೋ ಎಂದು ಕೇಳಿದನು. ಊರಿನ ಗಾಳಿ ಒಳ್ಳೇದಾಗಿ ಸಾಯುವವರು ಕಡಿಮೆಯಾದದರಿಂದ ಶವಸಂಸ್ಕಾರದ ವರಮಾನವೂ ಇಳಿಯಿತೆಂದು ಸಹ ಗೊಣಗಿದನು. ಆದರೆ ಬೇರೆ ಕೆಲಸ ಸಿಕ್ಕಲಿಲ್ಲ. ಅಲ್ಲಿಯೇ ಉಳಿದು ಅದೇ ಹುಡುಗರಿಗೆ ಕಲಿಸಿದನು.

ಅವನನ್ನು ನಿಲ್ಲಿಸಿದ್ದು ಯಾವದು? ಅವನ ಕೈಬರಹಗಳೇ ಇದಕ್ಕೆ ಸಾಕ್ಷಿ. ಅನೇಕ ರಚನೆಗಳ ತಲೆಯಲ್ಲಿ ಯೇಸುವೇ ಸಹಾಯಮಾಡು ಎಂಬರ್ಥದ ಎರಡು ಅಕ್ಷರಗಳನ್ನೂ, ಕಡೆಯಲ್ಲಿ ದೇವರೊಬ್ಬನಿಗೇ ಮಹಿಮೆ ಎಂಬರ್ಥದ ಮೂರು ಅಕ್ಷರಗಳನ್ನೂ ಬರೆದಿದ್ದಾನೆ. ಅವನು ಓದುತ್ತಿದ್ದ ಟೀಕೆ ಸಹಿತವಾದ ಸತ್ಯವೇದದ ಮೂರು ಸಂಪುಟಗಳು 1934ರಲ್ಲಿ ಅಮೇರಿಕ ದೇಶದಲ್ಲಿ ಬೆಳಕಿಗೆ ಬಂದವು. ಸೊಲೊಮೋನನ ದೇವಾಲಯದಲ್ಲಿ ಗಾಯಕರು ಏಕಸ್ವರವಾಗಿ ಸ್ತುತಿಸಲು ಮೇಘವು ಆಲಯವನ್ನು ತುಂಬಿದ ಸಂಗತಿಯು ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ 5ನೇ ಅಧ್ಯಾಯದಲ್ಲಿದೆಯಷ್ಟೆ. ಅದರ ಪಕ್ಕದಲ್ಲಿ, ಭಕ್ತಿಯಿಂದ ಹಾಡುವಲ್ಲಿ ದೇವರು ತನ್ನ ಕೃಪೆಯಿಂದ ಯಾವಾಗಲೂ ಸಮೀಪವಾಗಿದ್ದಾನೆಂಬ ಭಾವವನ್ನು ಅವನು ಸ್ವಹಸ್ತದಿಂದ ಬರೆದಿದ್ದಾನೆ. ಪುರಸಭೆಯ ಮೆಚ್ಚಿಕೆಗಾಗಿ ಮಾತ್ರ ಕೆಲಸಮಾಡಿದ್ದರೆ 1730ರಲ್ಲಿಯೇ ಲೇಖನಿಯನ್ನು ಕೆಳಗಿಡುತ್ತಿದ್ದನು.

1747ರಲ್ಲಿ ಪ್ರುಸ್ಸಿಯದ ಅರಸನಾದ ಫ್ರೆಡ್ರಿಕನು ಅವನನ್ನು ಪೋಟ್ಸ್‌ಡಾಮಿನ ಅರಮನೆಯಲ್ಲಿ ಬಹಳವಾಗಿ ಮನ್ನಿಸಿದನು. ಅಷ್ಟರಲ್ಲಿ ಕಣ್ಣುಗಳು ಮಂದವಾಗುತ್ತಿದ್ದವು. 1750ರಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ವೈದ್ಯನು ಎರಡು ಸಾರಿ ಶಸ್ತ್ರಚಿಕಿತ್ಸೆ ಮಾಡಲು, ದೃಷ್ಟಿ ಪೂರ್ತಿಯಾಗಿ ಹೋಯಿತು, ದೇಹವೂ ಕುಗ್ಗಿತು. ಅದೇ ವರುಷ ಜುಲೈ 28ನೇ ತಾರೀಖಿನಲ್ಲಿ, ತನ್ನ 65ನೆಯ ವಯಸ್ಸಿನಲ್ಲಿ, ಅವನು ಈ ಲೋಕವನ್ನು ಬಿಟ್ಟನು. ಅವನ ಸಮಾಧಿಯ ಮೇಲೆ ಗುರುತಿನ ಕಲ್ಲು ಸಹ ಇರಲಿಲ್ಲ.

ಇನ್ನು ಹೇಳುವ ಸಂಗತಿಯು ನಮಗೆ ನಾಚಿಕೆಯನ್ನು ಹುಟ್ಟಿಸತಕ್ಕದ್ದು. ಗಂಡನ ಹಾಳೆಗಳನ್ನು ರಾತ್ರಿ ಹಗಲು ನಕಲು ಮಾಡಿದ ಆನ್ನ ಮಗ್ದಲೇನಳು ವಿಧವೆಯಾಗಿ, ಧರ್ಮದ ಹಣದಿಂದ ಜೀವಿಸಿ, 1760ರಲ್ಲಿ ಬಡತನದಲ್ಲಿಯೇ ಸತ್ತಳು. ಭಾನುವಾರ ಭಾನುವಾರ ಆ ಗೀತಗಳನ್ನು ಕೇಳಿದ ಪಟ್ಟಣವು ಅವಳನ್ನು ಗಣನೆಗೆ ತರಲಿಲ್ಲ. ಪ್ರಿಯ ವಾಚಕರೇ, ಲೀಪ್ಸಿಗಿನವರನ್ನು ದೂಷಿಸುವದು ಸುಲಭ. ನಮ್ಮ ಸಭೆಯಲ್ಲಿ ಸೇವೆಮಾಡಿ ತೀರಿಹೋದ ಉಪದೇಶಿಯ, ಶಾಲೆಯ ಉಪಾಧ್ಯಾಯನ, ದೇವಾಲಯದ ಗಂಟೆ ಬಾರಿಸಿದವನ ಮನೆಯಲ್ಲಿ ಒಲೆ ಉರಿಯುತ್ತದೋ ಇಲ್ಲವೋ ಎಂದು ನಾವು ಹೋಗಿ ನೋಡಿದ್ದೇವೋ? ಸುಗ್ಗಿಯ ಕಾಣಿಕೆಯಲ್ಲಿ ಒಂದು ಕೊಳಗ ಧಾನ್ಯವು ಆ ಮನೆಗೆ ಹೋಗುತ್ತದೋ?

ಬಾಖನು ಸತ್ತ ಮೇಲೆ ವಿದ್ವಾಂಸರಲ್ಲಿ ಕೆಲವರು ಹೊರತು ಹೆಚ್ಚಿನವರು ಅವನ ದೊಡ್ಡ ರಚನೆಗಳನ್ನು ಮರೆತರು. 1829ನೇ ಮಾರ್ಚ್ 11ನೇ ತಾರೀಖಿನಲ್ಲಿ, ಯೆಹೂದ್ಯ ವಂಶದಲ್ಲಿ ಹುಟ್ಟಿ ಏಳನೆಯ ವರುಷದಲ್ಲಿ ದೀಕ್ಷಾಸ್ನಾನ ಹೊಂದಿದ್ದ ಫೆಲಿಕ್ಸ್ ಮೆಂಡೆಲ್ಸೋನ್ ಎಂಬ ಇಪ್ಪತ್ತು ವರುಷದ ಯೌವನಸ್ಥನು ಬೆರ್ಲಿನಿನಲ್ಲಿ ಮತ್ತಾಯನ ಶ್ರಮೆಯ ಗಾನವನ್ನು ತಿರುಗಿ ಹಾಡಿಸಿದನು. ಅಂದಿನಿಂದ ಬಾಖನ ಹೆಸರು ಲೋಕದ ನಾನಾ ದೇಶಗಳಿಗೆ ಹಬ್ಬಿತು. ಗುರುತಿಲ್ಲದ ಸಮಾಧಿಯನ್ನು 1894ರಲ್ಲಿ ಹುಡುಕಿ ತೆಗೆದರು. 1950ರಿಂದ ಅವನ ಎಲುಬುಗಳು ಸಂತ ತೋಮನ ದೇವಾಲಯದೊಳಗೆಯೇ ಇವೆ. ಆದರೆ ಈ ಕೀರ್ತಿಯನ್ನು ಅವನು ಕಾಣಲಿಲ್ಲ, ಅವನ ಹೆಂಡತಿಗೆ ಇದರಿಂದ ಒಂದು ತುತ್ತು ಅನ್ನವೂ ದೊರೆಯಲಿಲ್ಲ. ಆದಕಾರಣ ಕೀರ್ತಿಯೇ ಅವನ ಪ್ರತಿಫಲವೆಂದು ನಾವು ಹೇಳೆವು. ತಾನು ಯಾರಿಗಾಗಿ ಮಾಡಿದನೋ ಆತನು ಪ್ರತಿ ಭಾನುವಾರವೂ ಕೇಳಿದನೆಂಬದೇ ಅವನಿಗೆ ಸಾಕಾಗಿತ್ತು.

1834ರಲ್ಲಿ ಬಾಸೆಲ್ ಮಿಶನಿನ ಸೇವಕರು ಮಂಗಳೂರಿಗೆ ಬಂದಾಗ, ಬಾಖನು ಪ್ರೀತಿಸಿದ ಆ ಹಳೇ ಜರ್ಮನ್ ಸಭೆಗಳ ಗೀತಗಳು ಅವರ ಸಂಗಡ ಬಂದವು. ಅವುಗಳ ಎಷ್ಟೋ ರಾಗಗಳು ಕಾಲಕ್ರಮದಲ್ಲಿ ಕನ್ನಡ ಮಾತುಗಳನ್ನು ತೊಟ್ಟುಕೊಂಡವು. ಹೀಗಿರಲಾಗಿ ಮುಂದಣ ಭಾನುವಾರ ಗೀತದ ಪುಸ್ತಕವನ್ನು ತೆರೆಯುವಾಗ ಅಲಕ್ಷ್ಯದಿಂದ ಹಾಡದಿರೋಣ. ಕಲಿಸುವವನೇ, ನಿನ್ನ ಬಳಿಯಲ್ಲಿ ಹಾಡಬಲ್ಲ ಹುಡುಗರು ಮೂರೇ ಮಂದಿ ಇದ್ದರೂ ಬೇಸರಪಡಬೇಡ. ಕೇಳುವವರೇ, ಅವನಿಗೆ ಒಂದು ಒಳ್ಳೇ ಮಾತನ್ನು ಅವನು ಬದುಕಿರುವಾಗಲೇ ಹೇಳಿರಿ. ನಮ್ಮ ಕೈಕೆಲಸದ ಕಡೆಯಲ್ಲಿ ನಾವೂ ಆ ಮೂರು ಅಕ್ಷರಗಳ ಅರ್ಥವನ್ನು ಮನಃಪೂರ್ವಕವಾಗಿ ಬರೆಯುವಂತೆ ಕರ್ತನು ನಮಗೆ ಕೃಪೆ ಕೊಡಲಿ.