ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ಮಕ್ಕಳೇ, ಈ ಸಲ ರಜೆಗೆ ಅಜ್ಜಿಯ ಊರಿಗೆ ಹೋದಾಗ ಕೆರೆ ಏರಿಯ ಮೇಲೋ ಈಶ್ವರನ ಗುಡಿಯ ಪಕ್ಕದಲ್ಲೋ ನೆಟ್ಟ ಚಪ್ಪಡಿ ಕಲ್ಲು ಕಂಡರೆ ಹತ್ತಿರ ಹೋಗಿ ನೋಡಿ. ಎಣ್ಣೆ, ಕುಂಕುಮ ಮೆತ್ತಿ ಕಪ್ಪಾಗಿರಬಹುದು. ಕತ್ತಿಯನ್ನೋ ಬಿಲ್ಲನ್ನೋ ಹಿಡಿದ ಮನುಷ್ಯ ಅದರಲ್ಲಿದ್ದರೆ ಅದು ವೀರಗಲ್ಲು. ನೀವಿರುವ ಊರಿನ ಪಾರ್ಕಿನಲ್ಲಿ ಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿದ ಕಂಬ ನೋಡಿರುತ್ತೀರಲ್ಲ, ನಮ್ಮ ಹಳ್ಳಿಗಳಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಆ ಕೆಲಸಕ್ಕೆ ನಿಂತದ್ದು ಈ ಕಲ್ಲು.

ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ. ಅಲ್ಲಿ ಹಸುಗಳ ಸಾಲು ಕಂಡರೆ ಅದು ತುರುಗೋಳಿನ ಕಥೆ. ತುರು ಎಂದರೆ ದನ. ದನವೇ ಊರಿನ ಸಂಪತ್ತಾಗಿದ್ದ ಕಾಲದಲ್ಲಿ ಅವನ್ನು ಹೊಡೆದುಕೊಂಡು ಹೋಗಲು ಬಂದವರಿಗೆ ಎದುರು ನಿಂತು ಸತ್ತವರು ಎಷ್ಟೋ ಮಂದಿ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ನನಗೆ ತುಂಬ ಇಷ್ಟ ಈ ಭಾಗವೇ. ಕೆಳಗೆ ಏಟು ತಿಂದು ಬಿದ್ದವನ ಮೈಮೇಲೆ ಇಲ್ಲಿ ಒಂದು ಗಾಯವೂ ಕಾಣದು. ಮೇಲಿನದರಲ್ಲಿ ಶಿವಲಿಂಗ, ನಂದಿ. ಅವುಗಳ ಮುಂದೆ ಕೈಮುಗಿದು ಕೂತ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿಬ್ಬರೂ ಇರುವವರೆಗೆ ಇವನ ಹೆಸರೂ ಇರಲಿ ಎಂದು ಅದರ ಅರ್ಥ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಎಷ್ಟೋ ಸಲ ಹಳಗನ್ನಡದ ಬರಹವೂ ಇರುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ ಸುಮಾರು 750ರ ಕಲ್ಲಿನಲ್ಲಿ ಕಿತ್ತಯ್ಯ ಎಂಬವನ ಹೆಸರಿದೆ. ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲ. ಶತ್ರುಗಳು ಮೇಲೆ ಬಿದ್ದಾಗ ಕಾದಾಡಿ ಮಡಿದ ಕಿತ್ತಯ್ಯನ ಹೆಸರನ್ನು ಇಂದಿಗೂ ಹೇಳುತ್ತಿರುವುದು ಆ ಕಲ್ಲು.

ಇನ್ನೊಂದು ಕಲ್ಲಿನಲ್ಲಿರುವುದು ಮನುಷ್ಯನೇ ಅಲ್ಲ, ಒಂದು ನಾಯಿ! ಮಂಡ್ಯ ಜಿಲ್ಲೆಯ ಆತಕೂರಿನದು. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ಕೃಷ್ಣನ ಕಡೆಯಿದ್ದ ಗಂಗರ ಬೂತುಗನ ಕೈಯಲ್ಲಿ ಚೋಳರ ರಾಜಾದಿತ್ಯ ಸತ್ತ. ಆ ಯುದ್ಧದಲ್ಲಿ ಶೌರ್ಯ ಮೆರೆದ ಬೂತುಗನ ಬಂಟ ಮಣಲೇರನಿಗೆ, ಮೆಚ್ಚಿದೆ, ಬೇಕಾದ್ದು ಕೇಳು ಎಂಬ ಮಾತು ಸಿಕ್ಕಿತು. ಅವನು ಊರನ್ನು ಬೇಡಲಿಲ್ಲ, ಹೊನ್ನನ್ನೂ ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆಮೇಲೆ ಒಂದು ದಿನ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಜೊತೆಯಲ್ಲೇ ಸತ್ತವು.

ಕಾಳಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಅದರ ಹೆಸರಿನಲ್ಲಿ ಭೂಮಿಯನ್ನೂ ಬಿಟ್ಟುಕೊಟ್ಟರು. ಹಂದಿ, ನಾಯಿ ಎದುರುಬದುರಾಗಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯ ಹೆಸರಿನಲ್ಲಿ ಬಿಟ್ಟ ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಕಾಳಿಯ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವಂತಿಲ್ಲ ಎಂದು ಅದರಲ್ಲೇ ಬರೆದಿದೆ.