ದಿವಾನರ ಅಳತೆಗೋಲು

ಅರಸನೊಬ್ಬನೇ ರಾಜ್ಯವನ್ನು ಆಳಲಾರ. ಮಂತ್ರಿಯೂ ಒಬ್ಬನೇ ಆಳಲಾರ. ಅವನ ಸುತ್ತ ಕಡತ ನೋಡುವವರು, ಲೆಕ್ಕ ಬರೆಯುವವರು, ಸಲಹೆ ಹೇಳುವವರು ಇರಲೇಬೇಕು. ಅವರನ್ನು ಯಾವ ಗುಣ ನೋಡಿ ಆರಿಸಿದರು, ಬೊಕ್ಕಸದಿಂದ ಅವರಿಗೆ ಎಷ್ಟು ತೆತ್ತರು ಎಂಬ ಪ್ರಶ್ನೆಗಳು ಎಂದಿಗೂ ಹಳೆಯವಾಗುವಂಥವಲ್ಲ. ಮಂತ್ರಿಗಳ ಆಪ್ತ ಸಿಬ್ಬಂದಿಯ ನೇಮಕ, ಹೊರಗಿನ ಸಲಹೆಗಾರರಿಗೆ ಕೊಡುವ ಹಣ, ಇವುಗಳ ಚರ್ಚೆ ಇಂದಿಗೂ ನಡೆದೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವೆಲ್ಲ ಕನ್ನಂಬಾಡಿ ಕಟ್ಟೆಯ ಮೂಲಕ ಬಲ್ಲೆವು. ಆದರೆ ಅವರು ಹೊರಗಿನ ಸಲಹೆಗಾರರಾಗಿ ದುಡಿದವರು, ದಿವಾನರಾಗಿ ನೇಮಕಗಳನ್ನು ಮಾಡಿದವರು, ಕೊನೆಗೆ ನೇಮಕದ ಪ್ರಶ್ನೆಯಲ್ಲಿಯೇ ಅಧಿಕಾರವನ್ನು ಬಿಟ್ಟವರು. ಈ ದೃಷ್ಟಿಯಿಂದ ಅವರ ಬಾಳನ್ನು ಸಹಪಾಠಿಗಳ ಮುಂದಿಡುವುದು ನನ್ನ ಉದ್ದೇಶ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡನು. ಬಿ.ಎ. ಮುಗಿದ ಮೇಲೆ ಪುಣೆಯ ಸೈನ್ಸ್ ಕಾಲೇಜಿಗೆ ಇಂಜಿನಿಯರಿಂಗ್ ಓದಲು ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

1884ನೆಯ ಇಸವಿಯಲ್ಲಿ ಅವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿ ಹೆಸರು ಗಳಿಸಿದರು. ದೂರದ ಏಡನ್ ನಗರದ ನೀರಿನ ವ್ಯವಸ್ಥೆಗೂ ಅವರ ಸಲಹೆ ಬೇಕಾಯಿತು. ಇಷ್ಟಾದರೂ ಆ ಇಲಾಖೆಯ ತುತ್ತತುದಿಯ ಸ್ಥಾನ ಭಾರತೀಯನೊಬ್ಬನಿಗೆ ದೊರಕುವ ಕಾಲ ಅದಾಗಿರಲಿಲ್ಲ. 1908ರಲ್ಲಿ ಅವರು ಆ ನೌಕರಿಯಿಂದ ಹೊರಬಂದರು. ಯೋಗ್ಯತೆಯಿದ್ದೂ ಹುಟ್ಟಿನ ಕಾರಣದಿಂದ ಬಾಗಿಲು ಮುಚ್ಚಿರುವುದೆಂದರೇನು ಎಂಬುದನ್ನು ಅವರು ಸ್ವತಃ ಕಂಡಿದ್ದರು.

ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ವಿಶೇಷ ಸಲಹಾ ಇಂಜಿನಿಯರರನ್ನಾಗಿ ಕರೆಸಿಕೊಂಡಿತು. ಕೆಲಸ ಇಂಥದ್ದೆಂದು ಮೊದಲೇ ಗೊತ್ತಾಗಿತ್ತು: ಪ್ರವಾಹವನ್ನು ತಡೆಯುವ ಉಪಾಯ ಮತ್ತು ನಗರದ ಒಳಚರಂಡಿಯ ಯೋಜನೆ. ಅವರು ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ಲೆಕ್ಕಾಚಾರ ಸಹಿತ ವರದಿ ಕೊಟ್ಟು, 1909ರಲ್ಲಿ ಮೈಸೂರಿಗೆ ಬಂದುಬಿಟ್ಟರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಮೇಲೆದ್ದವು. ಸಲಹೆಗಾರ ಹೊರಟುಹೋದನು, ಸಲಹೆ ಊರಿನಲ್ಲಿ ಉಳಿಯಿತು. ಹೊರಗಿನವರಿಗೆ ತೆತ್ತ ಹಣ ಸಾರ್ಥಕವಾಯಿತೇ ಎಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ಕಾಣದು.

ಮೈಸೂರಿನಲ್ಲಿ ಮೂರು ವರ್ಷ ಮುಖ್ಯ ಇಂಜಿನಿಯರರಾಗಿದ್ದು, 1912ರಲ್ಲಿ ಅವರು ದಿವಾನರಾದರು. ಆ ಪದವಿಯನ್ನು ಒಪ್ಪುವ ಮೊದಲು ಬಂಧುಗಳನ್ನೆಲ್ಲ ಕರೆದು, ಯಾರೂ ನೌಕರಿಗಾಗಿ ಶಿಫಾರಸು ಕೇಳಬಾರದೆಂಬ ಮಾತು ಪಡೆದುಕೊಂಡರೆಂದು ಹಿರಿಯರು ಹೇಳುವುದುಂಟು. ದಿವಾನರ ಕೈಯಲ್ಲಿದ್ದ ನೌಕರಿಗಳು ಮನೆಯ ಸೊತ್ತಲ್ಲ, ಪ್ರಜೆಗಳ ಸೊತ್ತು ಎಂಬುದೇ ಆ ಮಾತಿನ ತಿರುಳು. ಆರು ವರ್ಷಗಳ ಅವರ ಆಡಳಿತದಲ್ಲಿ 1913ರ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ, ಅದೇ ವರ್ಷ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು. ಕೆಲಸಕ್ಕೆ ಜನರನ್ನು ಆರಿಸುವಾಗ ದಕ್ಷತೆಯೊಂದೇ ಅವರ ಅಳತೆಗೋಲು.

ಆದರೆ ಆ ಕೋಲಿನಿಂದ ಅಳೆಸಿಕೊಳ್ಳುವಷ್ಟು ದೂರ ನಡೆದು ಬರಲು ಎಷ್ಟು ಜನಕ್ಕೆ ಸಾಧ್ಯವಿತ್ತು? ಸಂಸ್ಥಾನದ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ತುಂಬಿದ್ದ ಕಾಲವದು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಈ ಪ್ರಶ್ನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದಿಟ್ಟಿತು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಜಾತಿಯನ್ನು ನೋಡಿ ನೌಕರಿ ಕೊಟ್ಟರೆ ಆಡಳಿತ ಕುಂದುವುದೆಂದೂ, ಹಿಂದುಳಿದವರನ್ನು ವಿದ್ಯೆಯಿಂದ ಮೇಲೆತ್ತಬೇಕೆಂದೂ ನಂಬಿದ್ದ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರು ಪದವಿಯನ್ನು ತ್ಯಜಿಸಿದರು. 1919ರಲ್ಲಿ ಬಂದ ಮಿಲ್ಲರ್ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ ಹಿಂದುಳಿದವರಿಗೆ ಸಿಗಬೇಕೆಂದಿತು. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ಇಲ್ಲಿ ನಾನು ತಟಸ್ಥನಾಗಿರಲಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮಪ್ಪ ಇಂದಿಗೂ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರು. ಮಿಲ್ಲರ್ ವರದಿಯಂಥ ಹೆಜ್ಜೆಗಳು ಬೀಳದಿದ್ದರೆ ನನ್ನಂಥವರು ಈ ಪುಟದಲ್ಲಿ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ದಿವಾನರು ವಿದ್ಯೆಯೇ ಮೊದಲಾಗಲಿ ಎಂದರು. ಮಂಡಳಿಯವರು, ವಿದ್ಯೆ ಕಲಿತ ಮಗನಿಗೆ ಕಚೇರಿಯ ಬಾಗಿಲು ತೆರೆಯುವ ಭರವಸೆಯಿಲ್ಲದೆ ಯಾವ ರೈತ ಮಗನನ್ನು ಓದಿಸುವನು ಎಂದು ಯೋಚಿಸಿದರು. ಮುಂಬಯಿಯಲ್ಲಿ ಮುಚ್ಚಿದ ಬಾಗಿಲನ್ನು ಕಂಡವರು ಮೈಸೂರಿನ ಮುಚ್ಚಿದ ಬಾಗಿಲನ್ನು ಅಷ್ಟಾಗಿ ಕಾಣಲಿಲ್ಲವೆಂದೇ ನನಗೆ ತೋರುತ್ತದೆ. ಪುಣೆಗೆ ಕಳಿಸಿದ ವಿದ್ಯಾರ್ಥಿವೇತನವೂ ಸರ್ಕಾರ ಚಾಚಿದ ಕೈಯೇ ಅಲ್ಲವೆ? ಹಾಗೆಂದು ಅವರನ್ನು ಹಗುರವಾಗಿ ನೋಡುವಂತಿಲ್ಲ. ತಮಗೆ ಒಪ್ಪದ ನೀತಿಯನ್ನು ನಡೆಸುವುದಕ್ಕಿಂತ ಕುರ್ಚಿಯನ್ನು ಬಿಡುವುದು ಲೇಸೆಂದು ನಡೆದುಕೊಂಡವರು ಎಷ್ಟು ಜನರಿದ್ದಾರೆ?

ಅಧಿಕಾರ ಹೋದರೂ ಅವರ ಸೇವೆ ನಿಲ್ಲಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಮೆರಿಕದ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆ ಸಲಹೆಗಾರರಾಗಿತ್ತು. ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಆದರೆ ನಷ್ಟದ ಹೊರೆ ಬೆಳೆಯತೊಡಗಿತು. ಆಗ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿದ ವಿಶ್ವೇಶ್ವರಯ್ಯನವರು 1929ರವರೆಗೆ ಅದನ್ನು ನಡೆಸಿದರು. ಪರದೇಶದ ತಜ್ಞರು ನೋಡಿಕೊಳ್ಳುತ್ತಿದ್ದ ಕೆಲಸಗಳನ್ನು ಮೈಸೂರಿನ ತರುಣರಿಗೆ ಕಲಿಸಿ ಒಪ್ಪಿಸಿದರು. ಆ ದುಡಿಮೆಗೆ ತಮಗೆ ಸಲ್ಲಬೇಕಾಗಿದ್ದ ಹಣವನ್ನೂ ತಾವು ಇಟ್ಟುಕೊಳ್ಳದೆ, ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಅದರ ಫಲ.

ತೊಂಬತ್ತು ದಾಟಿದ ಮೇಲೂ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನಿರ್ಧರಿಸುವ ಸಮಿತಿಗೆ ಅವರೇ ಅಧ್ಯಕ್ಷರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಅವರು ಕಾಲವಾದರು.

ಈ ದೀರ್ಘ ಜೀವನದಿಂದ ನಾವು ಕಲಿಯಬೇಕಾದದ್ದು ಎರಡು ಪ್ರಶ್ನೆಗಳನ್ನು. ಹೊರಗಿನಿಂದ ಸಲಹೆಗಾರರನ್ನು ಕರೆದಾಗ, ಅವರು ಹೋದ ಮೇಲೆ ನಮ್ಮವರ ಕೈಯಲ್ಲಿ ಏನು ಉಳಿಯುತ್ತದೆಂದು ಕೇಳಬೇಕು. ಒಳಗಿನ ಹುದ್ದೆಗೆ ಯಾರನ್ನಾದರೂ ನೇಮಿಸಿದಾಗ, ಇವರು ಯೋಗ್ಯರೇ ಎಂದು ಕೇಳುವುದರ ಜೊತೆಗೆ, ಯೋಗ್ಯರಾಗಲು ಎಲ್ಲರಿಗೂ ದಾರಿಯಿತ್ತೇ ಎಂದೂ ಕೇಳಬೇಕು. ಮೊದಲನೆಯದಕ್ಕೆ ವಿಶ್ವೇಶ್ವರಯ್ಯನವರ ಬಾಳೇ ಉತ್ತರ. ಎರಡನೆಯದರಲ್ಲಿ ಅರ್ಧ ಉತ್ತರವನ್ನು ಅವರು ಕೊಟ್ಟರು. ಉಳಿದರ್ಧವನ್ನು ಅವರು ಒಪ್ಪದ ವರದಿ ಕೊಟ್ಟಿತು. ಕೆಲವೇ ತಿಂಗಳಲ್ಲಿ ಅರ್ಜಿ ಹಿಡಿದು ಕಚೇರಿಗಳ ಮುಂದೆ ನಿಲ್ಲಲಿರುವ ನಾವು ಈ ಎರಡು ಅರ್ಧಗಳನ್ನೂ ಕೈಬಿಡಬಾರದು.