ಗ್ರಂಥಾಲಯಶಾಸ್ತ್ರದ ಆಚಾರ್ಯ ಶ್ರೀ ಎಸ್. ಆರ್. ರಂಗನಾಥನ್

ಜ್ಞಾನವನ್ನು ಕಂಡುಹಿಡಿದವರನ್ನು ಲೋಕವು ಕೊಂಡಾಡುತ್ತದೆ. ಕಂಡುಹಿಡಿದ ಜ್ಞಾನವು ಕಳೆದುಹೋಗದಂತೆ ಕಾದಿರಿಸಿ, ಬೇಕಾದವನ ಕೈಗೆ ಬೇಕಾದ ಹೊತ್ತಿನಲ್ಲಿ ಮುಟ್ಟಿಸಿದವರನ್ನು ಅದು ಅಷ್ಟಾಗಿ ನೆನೆಯುವುದಿಲ್ಲ. ಅಂತಹ ಸೇವೆಗೆ ತಮ್ಮ ಆಯುಷ್ಯವನ್ನೇ ಧಾರೆಯೆರೆದ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಚರಿತ್ರೆಯನ್ನು ಈ ಶುಭಸಂದರ್ಭದಲ್ಲಿ ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಅವರು ಜನಿಸಿದ್ದು ೧೮೯೨ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು, ಮಾತಿನಲ್ಲಿ ತೊದಲೂ ಇದ್ದಿತು. ಆದರೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಗಣಿತಶಾಸ್ತ್ರದಲ್ಲಿ ಎಂ. ಎ. ಪದವಿಯನ್ನು ಪಡೆದರು. ೧೯೧೭ರಲ್ಲಿ ಅವರು ಅಧ್ಯಾಪಕವೃತ್ತಿಯನ್ನು ಆರಂಭಿಸಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಎಂಬುದು ನಮಗೆ ಅಭಿಮಾನದ ವಿಷಯ. ಆಗ ನಮ್ಮ ಕಾಸರಗೋಡು ತಾಲೂಕು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತಷ್ಟೆ.

೧೯೨೪ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ತರಗತಿಯ ಗಲಗಲಕ್ಕೆ ಒಗ್ಗಿದ್ದ ಮನಸ್ಸಿಗೆ ಗ್ರಂಥಾಲಯದ ನಿಶ್ಶಬ್ದವು ಹಿಡಿಸದೆ, ಹಳೆಯ ಕೆಲಸಕ್ಕೇ ಮರಳಲು ಹವಣಿಸಿದರು. ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ನೋಡಿಬಂದ ಮೇಲೆ ನಿರ್ಧರಿಸಬಹುದೆಂದು ಹಿರಿಯರು ಒಪ್ಪಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಎಂಬ ಗುರುಗಳು ದೊರೆತರು. ಅಲ್ಲಿಯ ಒಂದು ಅಂಗಡಿಯಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ಅವರು ಕಂಡರು. ಕೆಲವೇ ಪಟ್ಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ನಾನಾ ಯಂತ್ರಗಳನ್ನು ಕಟ್ಟುವ ಆಟವದು. ವಿಷಯಗಳನ್ನೂ ಹೀಗೆಯೇ ಅಂಶಗಳಾಗಿ ಬಿಡಿಸಿ ಮತ್ತೆ ಜೋಡಿಸಬಾರದೇಕೆ ಎಂಬ ಯೋಚನೆ ಹುಟ್ಟಿತು. ೧೯೩೩ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣಕ್ಕೆ ಇದೇ ಬೀಜ. ೧೯೨೫ರಲ್ಲಿ ಮರಳಿ ಬಂದವರು ಮತ್ತೆಂದೂ ಹಿಂದೆ ನೋಡಲಿಲ್ಲ.

೧೯೩೧ರಲ್ಲಿ ಅವರು ಐದು ಸೂತ್ರಗಳನ್ನು ಲೋಕಕ್ಕೆ ಕೊಟ್ಟರು. ಪುಸ್ತಕವಿರುವುದು ಉಪಯೋಗಕ್ಕೆ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಕಾಲ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿ. ಇವುಗಳ ಸಾರವಿಷ್ಟೇ. ಕೇಳಲು ಸರಳ, ನಡೆಸಲು ಕಠಿನ.

ಈ ಸೂತ್ರಗಳಿಗೆ ನಿಜವಾದ ಪರೀಕ್ಷೆ ಎದುರಾದುದು ವಿಜ್ಞಾನದ ಪತ್ರಿಕೆಗಳಲ್ಲಿ. ೧೬೬೫ರಲ್ಲಿ ಪ್ಯಾರಿಸ್ ಮತ್ತು ಲಂಡನ್ನುಗಳಲ್ಲಿ ಒಂದೊಂದು ವಿದ್ವತ್ಪತ್ರಿಕೆ ಹುಟ್ಟಿದಂದಿನಿಂದ ವಿಜ್ಞಾನಿಯು ತಾನು ಕಂಡ ಹೊಸ ಸಂಗತಿಯನ್ನು ಮೊದಲು ಅರುಹುವುದು ಪುಸ್ತಕದಲ್ಲಲ್ಲ, ಹತ್ತಾರು ಪುಟದ ಲೇಖನದಲ್ಲಿ. ಪುಸ್ತಕವನ್ನು ಕಪಾಟಿನಲ್ಲಿ ಹುಡುಕಬಹುದು; ಲೇಖನವಾದರೋ ಸಂಪುಟದ ಹೊಟ್ಟೆಯಲ್ಲಿ ಅಡಗಿರುತ್ತದೆ. ಪತ್ರಿಕೆಗಳೂ ಗ್ರಂಥಪಾಲಕನನ್ನು ಕಾಡಿಸುವುದು ಅಷ್ಟಿಷ್ಟಲ್ಲ. ಒಂದು ಹೆಸರು ಬದಲಿಸುತ್ತದೆ, ಒಂದು ಎರಡಾಗಿ ಒಡೆಯುತ್ತದೆ, ಎರಡು ಒಂದಾಗುತ್ತವೆ. ಮತ್ತೊಂದು ನಡುವೆ ನಿಂತು ವರ್ಷಗಳ ಮೇಲೆ ಮತ್ತೆ ತಲೆಯೆತ್ತುತ್ತದೆ. ೧೯೩೪ರ ತಮ್ಮ ಸೂಚೀಕರಣ ಸಂಹಿತೆಯಲ್ಲಿ ರಂಗನಾಥನ್ ಅವರು ಈ ಚೇಷ್ಟೆಗಳನ್ನೆಲ್ಲ ಬಗೆಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ನಿಯಮ ವಿಧಿಸಿದರು. ಸ್ವಾತಂತ್ರ್ಯಾನಂತರ ಭಾರತೀಯ ಮಾನಕ ಸಂಸ್ಥೆಯ ದಾಖಲೀಕರಣ ಸಮಿತಿಯ ಅಧ್ಯಕ್ಷರಾಗಿ, ಪತ್ರಿಕೆಗಳನ್ನು ಪ್ರಕಟಿಸುವವರಿಗೂ ಒಂದು ಶಿಸ್ತನ್ನು ತರಲು ಶ್ರಮಿಸಿದರು.

ಅವರ ವರ್ಗೀಕರಣದ ಮಹಿಮೆಯನ್ನು ನಮ್ಮ ಊರಿನ ಉದಾಹರಣೆಯಿಂದ ನೋಡೋಣ. ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಅಡಿಕೆಯ ಕೊಳೆರೋಗವನ್ನು ಬೋರ್ಡೋ ದ್ರಾವಣದಿಂದ ತಡೆಯುವ ಕುರಿತು ಯಾವುದೋ ಪತ್ರಿಕೆಯಲ್ಲಿ ಒಂದು ಲೇಖನವಿದೆಯೆಂದು ಭಾವಿಸೋಣ. ಅದನ್ನು ಬರಿದೆ ಕೃಷಿಯೆಂದು ಗುರುತಿಸಿ ಇಟ್ಟರೆ ಸಾವಿರ ಲೇಖನಗಳಲ್ಲಿ ಒಂದಾಗಿ ಮುಳುಗಿಹೋಗುತ್ತದೆ. ರಂಗನಾಥನ್ ಅವರ ಕ್ರಮದಲ್ಲಾದರೆ ಯಾವ ಬೆಳೆ, ಯಾವ ವಸ್ತು, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ ಎಂದು ಐದು ಮುಖಗಳನ್ನು ಕೇಳಿ ಗುರುತು ಕಟ್ಟಬೇಕು. ಹಾಗೆ ಕಟ್ಟಿದ ಲೇಖನವು ಹುಡುಕಿದವನ ಕೈಗೆ ತಾನಾಗಿ ಬರುತ್ತದೆ. ಇಲ್ಲವಾದರೆ ವಿಜ್ಞಾನಿಯ ಪರಿಶ್ರಮ ಒಂದೆಡೆ, ಕಾಯಿ ಉದುರಿದ ತೋಟದಲ್ಲಿ ಕೃಷಿಕನ ನಿಟ್ಟುಸಿರು ಇನ್ನೊಂದೆಡೆ. ಎರಡೂ ಎಂದೆಂದಿಗೂ ಸಂಧಿಸವು.

೧೯೪೫ರಲ್ಲಿ ಅವರು ಮದರಾಸನ್ನು ಬಿಟ್ಟು ಕಾಶಿ ಹಿಂದೂ ವಿಶ್ವವಿದ್ಯಾನಿಲಯಕ್ಕೂ, ೧೯೪೭ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೂ ಹೋದರು. ೧೯೪೮ರ ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನವು ಅವರ ಬಹುಕಾಲದ ಪ್ರಯತ್ನದ ಫಲ. ತೆರಿಗೆಯ ಹಣದಿಂದ ಊರೂರಿಗೆ ಪುಸ್ತಕ ಮುಟ್ಟಿಸುವ ಆ ವ್ಯವಸ್ಥೆಗೆ ನಮ್ಮ ಜಿಲ್ಲೆಯೂ ಅಂದು ಸೇರಿದ್ದಿತು. ೧೯೫೨ರಲ್ಲಿ ಯುನೆಸ್ಕೊ ನೆರವಿನಿಂದ ದೆಹಲಿಯಲ್ಲಿ ವಿಜ್ಞಾನ ದಾಖಲೀಕರಣ ಕೇಂದ್ರವು ಸ್ಥಾಪನೆಗೊಂಡಿತು. ದೂರದ ಪತ್ರಿಕೆಯ ಲೇಖನದ ಪ್ರತಿಯನ್ನೂ ಅನುವಾದವನ್ನೂ ಸಂಶೋಧಕನಿಗೆ ಒದಗಿಸುವುದು ಅದರ ಕೆಲಸವಾಗಿದ್ದಿತು. ಆ ಕೇಂದ್ರವು ೧೯೫೪ರಲ್ಲಿ ಹೊರಡಿಸಿದ ಗ್ರಂಥಾಲಯಶಾಸ್ತ್ರದ ತ್ರೈಮಾಸಿಕಕ್ಕೆ ರಂಗನಾಥನ್ ಅವರೇ ಸಂಪಾದಕರಾದರು. ಪತ್ರಿಕೆಗಳನ್ನು ಕಾಯುತ್ತಿದ್ದವರು ಪತ್ರಿಕೆ ನಡೆಸುವ ಕಷ್ಟವನ್ನೂ ಉಂಡರು.

ಕೊನೆಯ ವರ್ಷಗಳನ್ನು ಅವರು ಕಳೆದದ್ದು ಕನ್ನಡನಾಡಿನಲ್ಲಿ. ೧೯೬೧ರಲ್ಲಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಒಂದು ದತ್ತಿಯನ್ನು ಸ್ಥಾಪಿಸಿದರು. ೧೯೬೨ರಲ್ಲಿ ಅಲ್ಲಿಯೇ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ತೆರೆದರು. ಇದಕ್ಕೆ ಮುಂಚೆಯೇ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯಶಾಸ್ತ್ರದ ಪೀಠಕ್ಕಾಗಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಅರ್ಪಿಸಿದ್ದರು. ೧೯೫೭ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ, ೧೯೬೫ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಪದವಿಯೂ ಸಂದವು. ೧೯೭೨ರ ಸೆಪ್ಟೆಂಬರ್ ೨೭ರಂದು ಬೆಂಗಳೂರಿನಲ್ಲಿಯೇ ಅವರು ದೇಹವನ್ನು ತ್ಯಜಿಸಿದರು.

ಅಧ್ಯಾಪಕರಾದ ನಾವು ಇಲ್ಲೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಶಾಲೆಯ ಪುಸ್ತಕದ ಬೀರುವಿನ ಬೀಗದ ಕೈಯನ್ನು ವರ್ಷಗಟ್ಟಲೆ ನಾವೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆವು. ಒಂದು ಪುಸ್ತಕವೂ ಕಳೆಯಲಿಲ್ಲವೆಂದು ಬೀಗಿದೆವು. ಎಷ್ಟು ಪುಸ್ತಕಗಳು ಓದುಗನ ಮುಖ ಕಾಣದೆ ಗೆದ್ದಲಿಗೆ ಆಹಾರವಾದುವೆಂದು ಎಣಿಸಲಿಲ್ಲ. ರಂಗನಾಥನ್ ಅವರ ಮೊದಲ ಸೂತ್ರವನ್ನು ಓದಿದ ದಿನ ನಾಚಿಕೆಯಾಯಿತು; ಮರುದಿನ ಬೀರುವಿನ ಬಾಗಿಲು ತೆರೆಯಿತು.

ಗಡಿಯಲ್ಲಿರುವ ನಮ್ಮ ಮಕ್ಕಳಿಗೆ ಕನ್ನಡದ ಪುಸ್ತಕ, ಅದರಲ್ಲಿಯೂ ಕನ್ನಡದ ವಿಜ್ಞಾನದ ಪುಸ್ತಕ ಸಿಗುವುದೇ ಅಪರೂಪ. ಸಿಕ್ಕಿದ್ದಾದರೂ ಬೀಗದೊಳಗೆ ಉಳಿಯಬಾರದು. ಸಂಘದ ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯಲ್ಲಿ ಓದಿ ಮುಗಿಸಿದ ಒಂದು ಕನ್ನಡ ಪುಸ್ತಕವನ್ನು ವಾಚನಾಲಯಕ್ಕೆ ಕೊಟ್ಟು, ಒಬ್ಬ ಬಾಲಕನನ್ನೋ ಬಾಲಕಿಯನ್ನೋ ಕೈಹಿಡಿದು ಅಲ್ಲಿಗೆ ಕರೆತಂದರೆ, ಆ ಮಹನೀಯರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಅದೇ ಎಂದು ಭಾವಿಸುತ್ತೇವೆ.